ಕೋಟೆಯೊಳಗಿನ ಕನ್ನಡ: ಬರವಣಿಗೆಯಲ್ಲಿ ಮಡಿಕೇರಿ

1956ರ ನವೆಂಬರ್ 1ರಂದು ಎರಡು ಗಡಿನಾಡುಗಳ ಹಣೆಬರಹ ಒಟ್ಟಿಗೆ ತೀರ್ಮಾನವಾಯಿತು. ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನವನ್ನು ಬಿಟ್ಟುಕೊಟ್ಟು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಕನ್ನಡದ ಮನೆಗೆ ಒಂದು ಬಾಗಿಲಿನಿಂದ ಒಬ್ಬರು ಬಂದರು, ಇನ್ನೊಂದು ಬಾಗಿಲಿನಿಂದ ಇನ್ನೊಬ್ಬರು ಹೊರಟರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದೂ ಅದೇ 1956ರಲ್ಲಿ. ಕೊಡಗು ಮೊದಲ ಸಲ ಸ್ವಾತಂತ್ರ್ಯ ಕಳೆದುಕೊಂಡ 1834ರ ಕಥೆ, ಅದು ಎರಡನೆಯ ಸಲ ಗುರುತು ಬದಲಿಸಿಕೊಂಡ ವರ್ಷದಲ್ಲಿ ಕನ್ನಡಿಗರ ಕೈಗೆ ಬಂದದ್ದು ಕಾಕತಾಳೀಯವೇ ಇರಬಹುದು. ಆದರೆ ಕಾಸರಗೋಡಿನ ಓದುಗನಿಗೆ ಈ ಕಾಕತಾಳೀಯ ಬರಿಯ ಪಂಚಾಂಗದ ಸಂಗತಿಯಾಗಿ ಉಳಿಯುವುದಿಲ್ಲ. ಆಳುವ ಭಾಷೆಯಾಗಿ ಕನ್ನಡ ಹೇಗಿತ್ತು ಎಂಬುದನ್ನು ಆಳಿಸಿಕೊಳ್ಳುವ ಕಡೆಗೆ ನಿಂತು ಓದುವ ಅವಕಾಶ ಕನ್ನಡದಲ್ಲಿ ಅವನಷ್ಟು ಮತ್ತಾರಿಗೂ ದೊರೆತಿಲ್ಲ. ಹಾಗೆ ಓದಲು ಮಡಿಕೇರಿಗಿಂತ ತಕ್ಕ ಊರೂ ಇಲ್ಲ.

ಈ ಎರಡು ನಾಡುಗಳ ನಂಟು ಭೂಗೋಳದಲ್ಲಿಯೂ ಇದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯವನ್ನು ಹಾದುಬರುವ ಪಯಸ್ವಿನಿಯೇ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಯಾವ ಹೊಳೆಯ ಉತ್ತರಕ್ಕಿರುವ ನೆಲ ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿತೋ ಆ ಹೊಳೆ ಇದೇ.

ಮಡಿಕೇರಿ ತಾನಾಗಿ ಬೆಳೆದ ಊರಲ್ಲ. ಬಂದ್ಯೋಡಿನಂಥ ಪೇಟೆಗಳು ದಾರಿ ಕೂಡುವಲ್ಲಿ ಹುಟ್ಟುತ್ತವೆ; ಉಪ್ಪಳ ಕುಂಬಳೆಗಳ ನಡುವಿನ ಹೆದ್ದಾರಿಗೆ ಧರ್ಮತ್ತಡ್ಕ, ಪೆರ್ಮುದೆಗಳ ಕಡೆಯ ದಾರಿ ಬಂದು ಸೇರಿದಲ್ಲಿ ಅಂಗಡಿಗಳು ಎದ್ದವು, ಊರಾಯಿತು. ಅಲ್ಲಿ ಯಾರೂ ಊರು ಕಟ್ಟಲೆಂದು ಬಂದವರಲ್ಲ. ಮಡಿಕೇರಿಯದು ಇದಕ್ಕೆ ತೀರ ವಿರುದ್ಧವಾದ ಹುಟ್ಟು. ಹಾಲೇರಿಯಲ್ಲಿದ್ದ ರಾಜಧಾನಿಯನ್ನು ಮುದ್ದುರಾಜ 1681ರಲ್ಲಿ ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿದ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆಂದು ಹೇಳುತ್ತಾರೆ. ಮೊದಲು ಕೋಟೆ, ಆಮೇಲೆ ಕೋಟೆಗೆ ಬೇಕಾದ ಜನ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿ, ವರ್ಷದ ನಾಲ್ಕು ತಿಂಗಳು ಮಳೆ ಬಿಡದೆ ಸುರಿಯುವಲ್ಲಿ, ಅರಸನ ಅಪ್ಪಣೆಯಿಲ್ಲದೆ ಪೇಟೆಯೊಂದು ನಿಲ್ಲುವುದು ಸುಲಭವಲ್ಲ. ಟಿಪ್ಪುವಿನ ಕೈಗೆ ಸಿಕ್ಕಾಗ ಅದಕ್ಕೆ ಜಾಫರಾಬಾದ್ ಎಂಬ ಹೆಸರು ಬಂತು, ಮಣ್ಣಿನ ಗೋಡೆ ಕಲ್ಲಿನದಾಯಿತು. ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ ಅದನ್ನು ಮರಳಿ ಪಡೆದ. ಲಿಂಗರಾಜೇಂದ್ರ 1812ರಿಂದ 1814ರವರೆಗೆ ಕೋಟೆಯೊಳಗೆ ಅರಮನೆ ಕಟ್ಟಿಸಿದ. 1820ರಲ್ಲಿ ಓಂಕಾರೇಶ್ವರ ದೇವಾಲಯವನ್ನು. ಈ ದೇವಾಲಯಕ್ಕೂ ಊರಿನ ಅಂಚಿನ ಗದ್ದಿಗೆಗಳಿಗೂ ಗುಮ್ಮಟವಿದೆ, ಮೂಲೆಗಳಲ್ಲಿ ಮಿನಾರುಗಳಿವೆ. ಶಿವಭಕ್ತ ಅರಸರು ತಮ್ಮ ಶತ್ರುವಿನ ವಾಸ್ತುವನ್ನೇ ತಮ್ಮ ದೇವರಿಗೂ ತಮ್ಮ ಸಮಾಧಿಗೂ ಆರಿಸಿಕೊಂಡಿದ್ದಾರೆ. ಕೊಡಗಿನ ಬೇರೆಲ್ಲೂ ಕಾಣದ ಈ ಕಟ್ಟಡಗಳನ್ನು ನೋಡಿದರೆ ಮಡಿಕೇರಿ ಸುತ್ತಲಿನ ನಾಡಿನಿಂದ ಎಷ್ಟು ಬೇರೆಯಾದ ಊರೆಂಬುದು ತಿಳಿಯುತ್ತದೆ.

ಬೇರೆತನ ಕಲ್ಲಿನಲ್ಲಿ ಮಾತ್ರವಲ್ಲ. ಹಾಲೇರಿಯ ಅರಸರು ಇಕ್ಕೇರಿಯ ಮನೆತನದ ಕವಲು, ಲಿಂಗಾಯತರು, ಕನ್ನಡಿಗರು. ಜಂಗಮ ವೇಷದಲ್ಲಿ ಬಂದು ನೆಲೆಯೂರಿದರೆಂಬ ಕಥೆ ಅವರನ್ನೇ ಕುರಿತದ್ದು. ಅವರು ಆಳಿದ ನಾಡಿನ ಮುಖ್ಯ ಜನವಾದ ಕೊಡವರು ಮನೆಯಲ್ಲಿ ಆಡುತ್ತಿದ್ದುದು ಕೊಡವ ತಕ್ಕ್. ಕೊಡವರ ಐನ್‌ಮನೆಗಳಿದ್ದುದು ಗದ್ದೆಗಳ ಅಂಚಿನ ಗ್ರಾಮಗಳಲ್ಲಿ. ಕೋಟೆಯ ಊರು ಅವರಿಗೆ ದರ್ಬಾರಿನ ಸ್ಥಳ, ಕರೆ ಬಂದಾಗ ಹೋಗಬೇಕಾದ ಸ್ಥಳ. ಕೋಟೆಯ ಸುತ್ತ ನೆಲೆಸಿದವರು ಕರಣಿಕರು, ಅರ್ಚಕರು, ವ್ಯಾಪಾರಿಗಳು, ಸಿಪಾಯಿಗಳು, ಕುಶಲಕರ್ಮಿಗಳು. ಬಯಲುಸೀಮೆಯಿಂದ, ಕರಾವಳಿಯಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಬಂದವರು. ಮಡಿಕೇರಿಯಲ್ಲಿ ಕನ್ನಡ ಮೊದಲಿನಿಂದಲೂ ಕೋಟೆಯ ಭಾಷೆ: ಲೆಕ್ಕದ, ಅಪ್ಪಣೆಯ, ಚರಿತ್ರೆಯ ಭಾಷೆ. ಮಡಿಕೇರಿಯ ಬಗೆಗೆ ಕನ್ನಡದಲ್ಲಿ ಬಂದ ಬರವಣಿಗೆಯನ್ನು ಓದುವಾಗ ಮರೆಯಬಾರದ ಮೊದಲ ಸಂಗತಿ ಇದು. ಹೆಚ್ಚಿನ ವಿಮರ್ಶೆ ಅದನ್ನು ಮರೆತೇ ಮುಂದುವರಿದಿದೆ.

ಈ ಬರವಣಿಗೆಯ ಮೊದಲ ದೊಡ್ಡ ಗ್ರಂಥ ‘ರಾಜೇಂದ್ರನಾಮೆ’. ದೊಡ್ಡ ವೀರರಾಜೇಂದ್ರನ ಆಶಯದಂತೆ ಕನ್ನಡದಲ್ಲಿ ಸಿದ್ಧವಾದ ಈ ಗದ್ಯಚರಿತ್ರೆ 1633ರಿಂದ 1807ರವರೆಗಿನ ಸಂಗತಿಗಳನ್ನು ಹೇಳುತ್ತದೆ. 1808ರಲ್ಲಿಯೇ ಅದು ಅಬರ್‌ಕ್ರಾಂಬಿ ಎಂಬ ಅಧಿಕಾರಿಯಿಂದ ಇಂಗ್ಲಿಷಿಗೆ ಹೋಯಿತು. ಗಂಡು ಸಂತಾನವಿಲ್ಲದ ಅರಸನಿಗೆ ಆಗ ಮಗಳು ದೇವಮ್ಮಾಜಿಗೆ ಪಟ್ಟ ಸಲ್ಲಬೇಕೆಂಬ ಚಿಂತೆ. ಅದನ್ನು ಉಳಿಸಿಕೊಡಬಲ್ಲವರು ಕಂಪೆನಿಯವರು. ಗ್ರಂಥದ ಓದುಗ ಯಾರೆಂಬುದು ಇದರಿಂದ ಸ್ಪಷ್ಟ. ಅದರಲ್ಲಿ ಕೋಟೆಗಳು ಬೀಳುತ್ತವೆ, ಏಳುತ್ತವೆ. ವಂಶದ ಕವಲುಗಳು ಒಂದನ್ನೊಂದು ಕೊಲ್ಲುತ್ತವೆ. ಟಿಪ್ಪುವಿನ ದಂಡು ಘಟ್ಟ ಹತ್ತುತ್ತದೆ. ಆ ಗದ್ಯಕ್ಕೆ ಒಂದು ಬಿಗಿಯಿದೆ, ಹಳೆಗನ್ನಡದ ಅಲಂಕಾರಗಳಿಂದ ಬಿಡಿಸಿಕೊಂಡ ವ್ಯವಹಾರದ ಚುರುಕಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಕನ್ನಡ ಗದ್ಯವನ್ನು ಕುರಿತು ಮಾತಾಡುವವರು ಕೆಂಪುನಾರಾಯಣನಲ್ಲಿಗೆ ನೇರವಾಗಿ ಹೋಗಿ ನಿಲ್ಲುವುದು ಈ ಗ್ರಂಥಕ್ಕೆ ಆಗಿರುವ ಅನ್ಯಾಯ. ಆದರೆ ಆ ಗದ್ಯಕ್ಕೆ ಕಾಣುವುದು ಕೋಟೆಯಿಂದ ಕಾಣುವಷ್ಟೇ. ನಾಡೆಂದರೆ ಅಲ್ಲಿ ಅರಸನಿಗೆ ವಿಧೇಯವಾದ ಅಥವಾ ವಿಧೇಯವಲ್ಲದ ಜನ.

ಅರ್ಧ ಶತಮಾನದ ನಂತರ, ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು 1855ರಲ್ಲಿ ಆ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ರಾಜೇಂದ್ರನಾಮೆಯ ವೀರರು ಅಲ್ಲಿ ರಕ್ತಪಿಪಾಸುಗಳಾಗುತ್ತಾರೆ. ದೃಷ್ಟಿ ತಿರುವುಮುರುವಾಯಿತೇ ಹೊರತು ನೋಡುವ ದಿಕ್ಕು ಬದಲಾಗಲಿಲ್ಲ. ಹೊಗಳಿದವರೂ ತೆಗಳಿದವರೂ ನೋಡಿದ್ದು ಅರಮನೆಯನ್ನೇ. ಅದೇ ವರ್ಷ ಕೋಟೆಯೊಳಗಿನ ವೀರಭದ್ರ ದೇವಾಲಯವನ್ನು ತೆಗೆಸಲಾಯಿತು. ಅಲ್ಲಿ ಎದ್ದ ಇಗರ್ಜಿ ಈಗ ವಸ್ತುಸಂಗ್ರಹಾಲಯ. ಅರಮನೆ ಕಚೇರಿಯಾಯಿತು. ಅರಸನ ಊರು ಕಡತದ ಊರಾದಾಗಲೂ ಕೋಟೆಯೊಳಗಿನ ದೇಶಭಾಷೆ ಕನ್ನಡವಾಗಿಯೇ ಉಳಿಯಿತು, ಅದರ ತಲೆಯ ಮೇಲೆ ಇಂಗ್ಲಿಷ್ ಬಂದು ಕುಳಿತಿತು ಅಷ್ಟೆ. 1837ರ ದಂಗೆಯಲ್ಲಿ ಕಂಪೆನಿಯ ಪರ ನಿಂತ ಕೊಡಗಿನವರಿಗೆ ಕೊಟ್ಟ ಪದಕಗಳ ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದು ಮುಖದಲ್ಲಿ ಕನ್ನಡ. ಪದಕ ಧರಿಸಿದವರ ಮನೆಮಾತಿಗೆ ಎರಡು ಮುಖಗಳಲ್ಲಿಯೂ ಎಡೆಯಿರಲಿಲ್ಲ.

ಈ ಹಿನ್ನೆಲೆಯಲ್ಲಿ ‘ಚಿಕವೀರ ರಾಜೇಂದ್ರ’ವನ್ನು ತೆರೆಯಬೇಕು. ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದ ಮೇಲೆ ಅದರ ಸುತ್ತ ನಡೆದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಮಾಸ್ತಿ ಚಿತ್ರಿಸಿದ ಅರಸ ಚರಿತ್ರೆಯ ಅರಸನೇ? ಬ್ರಿಟಿಷರು ತಮ್ಮ ಆಕ್ರಮಣವನ್ನು ಸಮರ್ಥಿಸಿಕೊಳ್ಳಲು ಹಬ್ಬಿಸಿದ ದುಷ್ಟ ರಾಜನ ಚಿತ್ರವನ್ನು ಮಾಸ್ತಿ ಒಪ್ಪಿಕೊಂಡರೇ? ಪ್ರಶ್ನೆ ನ್ಯಾಯವಾದದ್ದೇ. 1834ರ ಏಪ್ರಿಲಿನಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿಯನ್ನು ಹಿಡಿದ; ಮುಂದಿನ ತಿಂಗಳ ಘೋಷಣೆಯಲ್ಲಿ, ಪ್ರಜೆಗಳೆಲ್ಲರ ಬಯಕೆಯಂತೆಯೇ ಕೊಡಗನ್ನು ಕಂಪೆನಿಯ ಆಶ್ರಯಕ್ಕೆ ತೆಗೆದುಕೊಳ್ಳಲಾಗಿದೆ ಎಂದು ಸಾರಲಾಯಿತು. ಆ ಬಯಕೆ ನಿಜವಾಗಿ ಎಷ್ಟು ಜನರದಾಗಿತ್ತೆಂಬುದನ್ನು ಮೂರು ವರ್ಷದೊಳಗೆ ನಡೆದ ದಂಗೆಯೇ ತೋರಿಸಿತು. ಆದರೂ ಕಾದಂಬರಿಯನ್ನು ಈ ಒಂದು ಪ್ರಶ್ನೆಗೆ ಕಟ್ಟಿಹಾಕಿದರೆ ಅದರ ಶಕ್ತಿ ಎಲ್ಲಿದೆಯೆಂಬುದು ತಪ್ಪಿಹೋಗುತ್ತದೆ.

ಅದರ ಶಕ್ತಿ ಇರುವುದು ಅರಸನಲ್ಲಿ ಅಲ್ಲ, ಅವನ ಮಂತ್ರಿಗಳಲ್ಲಿ. ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ ಎಂಬ ಇಬ್ಬರು ಮಂತ್ರಿಗಳು, ಅವರಿಗೆ ಎದುರಾಗಿ ಅರಸನ ಬಾಲ್ಯದ ಒಡನಾಡಿ ಕುಂಟ ಬಸವ, ಇವರೆಲ್ಲರ ನಡುವೆ ಗಂಡನ ಅವಿವೇಕವನ್ನೂ ನಾಡಿನ ಮಾನವನ್ನೂ ಒಟ್ಟಿಗೆ ಹೊತ್ತು ನಡೆಯುವ ರಾಣಿ ಗೌರಮ್ಮ. ಒಡೆಯ ಕೆಟ್ಟವನಾದಾಗ ಸೇವಕನ ನಿಷ್ಠೆ ಯಾವಾಗ ಕೊನೆಯಾಗುತ್ತದೆ, ಕೊನೆಯಾದ ಮೇಲೆ ಅವನು ಏನು ಮಾಡಬಹುದು, ಏನು ಮಾಡಬಾರದು? ಮೈಸೂರು ಸಂಸ್ಥಾನದ ಆಡಳಿತದಲ್ಲಿ ದಶಕಗಳ ಕಾಲ ದುಡಿದು, ಹಿರಿತನಕ್ಕೆ ಸಲ್ಲಬೇಕಾದುದು ಸಲ್ಲದಿದ್ದಾಗ ಅವಧಿಗೆ ಮುನ್ನ ನಿವೃತ್ತರಾದ ಮಾಸ್ತಿಯವರಿಗೆ ಈ ಪ್ರಶ್ನೆಯ ಒಳಹೊರಗು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಮಂತ್ರಾಲೋಚನೆಯ ಪ್ರಕರಣಗಳು ಕಾದಂಬರಿಯ ಅತ್ಯಂತ ಜೀವಂತ ಭಾಗಗಳು. ಇಕ್ಕೇರಿಯ ಮನೆತನದ ಕೊನೆಯನ್ನು ‘ಚೆನ್ನಬಸವನಾಯಕ’ದಲ್ಲಿ ಹೇಳಿದವರು ಅದರ ಕವಲಾದ ಹಾಲೇರಿಯ ಕೊನೆಯನ್ನು ಇಲ್ಲಿ ಹೇಳಿದ್ದಾರೆ, ಎರಡರಲ್ಲಿಯೂ ಕೋಟೆ ಹೊರಗಿನ ಫಿರಂಗಿಯಿಂದ ಬೀಳುವುದಕ್ಕೆ ಮೊದಲೇ ಒಳಗಿನಿಂದ ಬಿದ್ದಿರುತ್ತದೆ.

ಒಳಗಿನ ಈ ಕಥೆಯನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಕಣ್ಣಿಗೆ ಕೋಟೆಯ ಹೊರಗಿನ ಊರು ಅಷ್ಟಾಗಿ ಕಂಡಿಲ್ಲ. ಕಾದಂಬರಿಯ ಮಡಿಕೇರಿ ಅರಮನೆಯ ಅಂಗಳದ ವಿಸ್ತಾರ. ಜನ ಅಲ್ಲಿಗೆ ಬರುತ್ತಾರೆ, ದೂರು ಹೇಳುತ್ತಾರೆ, ಗುಸುಗುಸು ಮಾತಾಡುತ್ತಾರೆ; ಕಥೆಗೆ ಬೇಕಾದಾಗ ಬಂದು ಬೇಡವಾದಾಗ ಸರಿಯುತ್ತಾರೆ. ಪೇಟೆಯ ಬದುಕು ತನ್ನ ಕಾರಣಕ್ಕೆ ತಾನು ನಡೆಯುವುದಿಲ್ಲ. ಉಪ್ಪಿಗೆ ಕರಾವಳಿಯನ್ನು ನೆಚ್ಚಿದ್ದ, ಘಟ್ಟ ಮುಚ್ಚಿದರೆ ಒಲೆ ಆರುವ ಬೆಟ್ಟದೂರೊಂದರ ಆತಂಕ ಈ ಕಥೆಯಲ್ಲಿ ಎಷ್ಟೋ ಕೆಲಸ ಮಾಡಬಹುದಿತ್ತು.

ಇದಕ್ಕಿಂತ ಹೆಚ್ಚಿನದು ಭಾಷೆಯ ಪ್ರಶ್ನೆ. ಕಾದಂಬರಿಯಲ್ಲಿ ಅರಸ ಕನ್ನಡ ಆಡುತ್ತಾನೆ; ಬೋಪಣ್ಣನೂ ಕನ್ನಡ ಆಡುತ್ತಾನೆ; ಉತ್ತಯ್ಯ ತಕ್ಕನಂಥ ನಾಡಿನ ಹಿರಿಯನೂ ಕನ್ನಡವೇ; ಎಲ್ಲರದೂ ಮಾಸ್ತಿಯವರ ಸಮಾಧಾನದ, ಸಜ್ಜನಿಕೆಯ, ಹದವಾದ ಕನ್ನಡ. ಕನ್ನಡ ಕಾದಂಬರಿಯಲ್ಲಿ ಪಾತ್ರಗಳು ಕನ್ನಡ ಆಡುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮನೆಮಾತು ತುಳು, ನಿರಂಜನರ ‘ಚಿರಸ್ಮರಣೆ’ಯಲ್ಲಿ ಕಯ್ಯೂರಿನ ರೈತರ ಮಾತು ಮಲಯಾಳ. ಅವರೂ ಪುಟದ ಮೇಲೆ ಕನ್ನಡದಲ್ಲಿಯೇ ಬದುಕುತ್ತಾರೆ. ಆದರೆ ಕಾರಂತರ ಕನ್ನಡದ ಅಡಿಯಲ್ಲಿ ಬೇರೊಂದು ಮಾತು ಹರಿಯುತ್ತಿರುವುದು ಓದುಗನಿಗೆ ಕೇಳಿಸುತ್ತದೆ. ಒಡೆಯನ ಅಂಗಳದಲ್ಲಿ ಚೋಮನ ದನಿ ಕುಗ್ಗುವುದೂ ಗುಡಿಸಲಿನಲ್ಲಿ ದುಡಿ ಮಾತಾಡುವುದೂ ಒಂದೇ ಅನುಭವದ ಎರಡು ಮಗ್ಗುಲು. ‘ಚಿಕವೀರ ರಾಜೇಂದ್ರ’ದಲ್ಲಿ ಆ ತಳದ ಸದ್ದಿಲ್ಲ. ಅರಸನದೊಂದು ಭಾಷೆ, ನಾಡಿನದು ಇನ್ನೊಂದು ಎಂಬುದು ಅಲ್ಲಿ ಕಥೆಯ ಒಂದು ಸಂಗತಿಯಾಗಿ ಬೆಳೆಯುವುದಿಲ್ಲ. ಬೋಪಣ್ಣ ದರ್ಬಾರಿನಲ್ಲಿ ಆಡುವ ಮಾತಿಗೂ ತನ್ನ ಐನ್‌ಮನೆಯ ಕೈಯ್ಯಾಲೆಯಲ್ಲಿ ಕುಳಿತು ಆಡುವ ಮಾತಿಗೂ ಅಂತರವೇ ಇಲ್ಲದಿದ್ದರೆ, ಅವನು ಅರಸನಿಂದ ದೂರವಾಗುವುದು ನೀತಿಯ ಪ್ರಶ್ನೆಯಾಗಿ ಮಾತ್ರ ಉಳಿಯುತ್ತದೆ. ಇನ್ನೂರು ವರ್ಷ ತನ್ನದಲ್ಲದ ಮಾತಿನಲ್ಲಿ ಮುಜುರೆ ಸಲ್ಲಿಸಿದ ಜನವೊಂದು ತನ್ನ ದಾರಿ ನೋಡಿಕೊಳ್ಳುವ ಚಾರಿತ್ರಿಕ ಗಳಿಗೆಯಾಗಿ ಅದು ತೋರುವುದಿಲ್ಲ. ಕಾದಂಬರಿಯ ಬಹುಮುಖ್ಯ ತಿರುವು ಇದರಿಂದ ತೆಳ್ಳಗಾಗಿದೆ.

ಮಾಸ್ತಿಯವರ ಮನೆಮಾತು ತಮಿಳು ಎಂಬುದನ್ನು ಇಲ್ಲಿ ನೆನೆಯಬೇಕು. ಮಡಿಕೇರಿಯಲ್ಲಿ ಶಿಕ್ಷಕರಾಗಿದ್ದು ‘ಹುತ್ತರಿ ಹಾಡು’ ಬರೆದ, ಇಂದಿಗೂ ಕೊಡಗಿನ ಸಭೆಗಳಲ್ಲಿ ಆ ಹಾಡಿನಿಂದಲೇ ನೆನೆಯಲ್ಪಡುವ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಬೇಂದ್ರೆಯವರದು ಮರಾಠಿ. ಮನೆಯಲ್ಲಿ ಬೇರೊಂದು ಮಾತಿರುವವರು ತಾವಾಗಿ ಒಲಿದು ಬಂದು ಕಟ್ಟಿದ ಸಾಹಿತ್ಯ ಇದು; ಅದೇ ಅದರ ಹೆಚ್ಚುಗಾರಿಕೆ. ಬಹುಶಃ ಈ ಒಲುಮೆಯೇ ಮಾಸ್ತಿಯವರ ಕಣ್ಣಿಗೆ ಪೊರೆ ತಂದಿರಬೇಕು. ಕನ್ನಡ ತಮಗೆ ಎಷ್ಟು ಸಹಜವಾಗಿ ಮನೆಯಾಯಿತೋ ಬೋಪಣ್ಣನಿಗೂ ಅಷ್ಟೇ ಸಹಜವಾಗಿ ಆಗಿರುತ್ತದೆಂದು ಅವರು ಭಾವಿಸಿದಂತಿದೆ. ಒಲಿದು ಪಡೆದ ಭಾಷೆಗೂ ಅಪ್ಪಣೆಯಾಗಿ ಬಂದ ಭಾಷೆಗೂ ಇರುವ ವ್ಯತ್ಯಾಸ ಮಾಸ್ತಿಯಂಥ ಸೂಕ್ಷ್ಮಜ್ಞರಿಗೂ ತಪ್ಪಿತು.

ಆ ವ್ಯತ್ಯಾಸವನ್ನು ಬಲ್ಲವರು ಕೊಡಗಿನೊಳಗೇ ಇದ್ದರು. ಅಪ್ಪನೆರವಂಡ ಅಪ್ಪಚ್ಚಕವಿ 1906ರಲ್ಲಿ ಯಯಾತಿಯ ಕಥೆಯನ್ನು ಕೊಡವ ತಕ್ಕಿನಲ್ಲಿ ನಾಟಕವಾಗಿಸಿದರು. ನಡಿಕೇರಿಯಂಡ ಚಿಣ್ಣಪ್ಪ ಊರೂರು ತಿರುಗಿ ಹಾಡುಗಾರರಿಂದ ಕೇಳಿ ಬರೆದುಕೊಂಡ ಹಾಡುಗಳನ್ನೂ ಪದ್ಧತಿಗಳ ವಿವರಗಳನ್ನೂ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಹೊರತಂದರು. ಇಬ್ಬರೂ ಬಳಸಿದ್ದು ಕನ್ನಡ ಲಿಪಿ. ಕೋಟೆಯ ಲಿಪಿ ಕೋಟೆಯ ಹೊರಗಿನ ಮಾತನ್ನು ಬರೆದಿಟ್ಟಿತು. ಆಳುವ ಭಾಷೆ ಆಳಿಸಿಕೊಂಡವರಿಗೆ ಕೊಟ್ಟದ್ದೂ ಇದೆಯೆಂದು ಹೇಳುವಾಗ ಕೊಡಬೇಕಾದ ಉದಾಹರಣೆ ಇದು. ಕನ್ನಡಿಗರು ಇದನ್ನು ಹೇಳಿಕೊಳ್ಳಲೂಬಹುದು, ಆದರೆ ಓದಿದ ಮೇಲೆ. ‘ಪಟ್ಟೋಲೆ ಪಳಮೆ’ ಇಡಿಯಾಗಿ ಇಂಗ್ಲಿಷಿಗೆ ಅನುವಾದವಾಗಿ ಹೊರಗಿನ ವಿದ್ವಾಂಸರ ಕೈಸೇರಿದೆ. ಅದು ಇರುವ ಲಿಪಿಯನ್ನೇ ಓದಬಲ್ಲ ಕನ್ನಡ ವಿಮರ್ಶೆಯ ಚರ್ಚೆಯಲ್ಲಿ ಅದರ ಹೆಸರು ಕೇಳಿಬರುವುದು ಅಪರೂಪ. ‘ಚಿಕವೀರ ರಾಜೇಂದ್ರ’ದ ಪಕ್ಕದಲ್ಲಿ ಇಟ್ಟು ಓದಬೇಕಾದ ಪುಸ್ತಕ ಯಾವುದೆಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು ಇದೇ. ಅರಸರ ಕಾಲದಲ್ಲಿ ಅರಮನೆಯ ಹೊರಗೆ ಏನು ಹಾಡುತ್ತಿದ್ದರೆಂಬುದು ಅಲ್ಲಿದೆ.

ಮಡಿಕೇರಿಯನ್ನು ಘಟ್ಟದ ಕೆಳಗಿನಿಂದ ನೋಡಿದ ಬರವಣಿಗೆ ಇನ್ನೊಂದು ಬಗೆಯದು. ಅಮರಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಅರಸರ ಕೈಕೆಳಗಿದ್ದವು. 1834ರ ನಂತರ ಕಂಪೆನಿ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರಿಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತ ಈಗ ನಾಣ್ಯ ಹೊಂದಿಸಬೇಕಾಯಿತು. 1837ರ ಏಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆಗೆ ಇದೇ ಕಿಡಿ. ದಂಗೆಯವರು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿಗೆ ಇಳಿದರು, ಬಾವುಟಗುಡ್ಡೆಯಲ್ಲಿ ಧ್ವಜವೇರಿಸಿದರು. ಒಂದು ದಂಡು ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ದಾರಿ ಹಿಡಿಯಿತು; ಕುಂಬಳೆಯಿಂದ ಮಂಜೇಶ್ವರಕ್ಕೆ ಹೋಗುವವರು ಇಂದಿನ ಬಂದ್ಯೋಡಿನ ನೆಲ ತುಳಿಯದೆ ಹೋಗಲಾರರು. ಅರಸನಿಲ್ಲದ ಅರಮನೆಯ ಹೆಸರಿನಲ್ಲಿ, ಅರಸನ ವಂಶದವನೆಂದು ನಂಬಲಾದವನೊಬ್ಬನ ಹಿಂದೆ, ಘಟ್ಟದ ಕೆಳಗಿನ ರೈತರು ನಡೆದರು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಈ ವಸ್ತುವಿಗೆ ನಿರಂಜನರು ಎರಡು ಸಲ ಕೈಹಾಕಿದರು: ‘ಕಲ್ಯಾಣಸ್ವಾಮಿ’ ಮತ್ತು ‘ಸ್ವಾಮಿ ಅಪರಂಪಾರ’. ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ ಹುಟ್ಟಿ ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಘಟ್ಟದ ಕೆಳಗಿನ ದಾರಿಗಳೆಲ್ಲ ಪರಿಚಿತ. ಮಾಸ್ತಿಯವರಲ್ಲಿ ಜನ ಅರಮನೆಗೆ ಬರುತ್ತಾರೆ. ನಿರಂಜನರಲ್ಲಿ ಕಥೆಯೇ ಅರಮನೆಯಿಂದ ಎದ್ದು ಜನರಿರುವಲ್ಲಿಗೆ ಹೊರಡುತ್ತದೆ. ಕಾದಂಬರಿಕಾರರಾಗಿ ಮಾಸ್ತಿ ಹೆಚ್ಚಿನವರು ಎಂಬುದರಲ್ಲಿ ಸಂಶಯವಿಲ್ಲ. ನಿರಂಜನರ ಪಾತ್ರಗಳು ಹಲವೆಡೆ ತಮ್ಮ ಉದ್ದೇಶದ ಭಾರಕ್ಕೆ ಬಾಗುತ್ತವೆ. ಆದರೆ ಮಡಿಕೇರಿ ಒಂದು ಊರಾಗಿ ಸುತ್ತಲಿನ ಜನಕ್ಕೆ ಏನಾಗಿತ್ತೆಂಬುದು ನಿರಂಜನರಲ್ಲಿ ಹೆಚ್ಚು ಸ್ಪಷ್ಟ: ಕಂದಾಯ ಹೋಗುವ ಸ್ಥಳ, ನ್ಯಾಯ ಸಿಕ್ಕರೂ ಸಿಗಬಹುದಾದ ಸ್ಥಳ, ಕೊನೆಗೆ ಗಲ್ಲಿನ ಸ್ಥಳ. ಒಂದೇ ಒಂದು ಕೊರತೆ ಅವರಲ್ಲಿಯೂ ಹಾಗೆಯೇ ಉಳಿದಿದೆ. ದಂಗೆಯ ಬೆನ್ನೆಲುಬಾಗಿದ್ದ ಗೌಡರ ಅರೆಭಾಷೆ, ಕೆಳಗಿನ ತುಳು, ದಂಗೆಯನ್ನು ಅಡಗಿಸಲು ಕಂಪೆನಿಗೆ ನೆರವಾದ ಕೊಡವ ಮುಖಂಡರ ಮಾತು, ಇವು ಮೂರೂ ಒಂದೇ ಕನ್ನಡದಲ್ಲಿ ಕರಗಿವೆ. (ಅರೆಭಾಷೆ ಎಂಬ ಹೆಸರಾದರೂ ಯಾರು ಇಟ್ಟದ್ದು? ತನ್ನ ಮಾತನ್ನು ಅರ್ಧವೆಂದು ಯಾರೂ ತಾವಾಗಿ ಕರೆದುಕೊಳ್ಳುವುದಿಲ್ಲ.) ಯಾರು ಯಾವ ಕಡೆ ನಿಂತರೆಂಬುದಕ್ಕೂ ಯಾರ ಮಾತು ಯಾವುದಾಗಿತ್ತೆಂಬುದಕ್ಕೂ ಇರುವ ನಂಟು 1837ರ ಚರಿತ್ರೆಯ ಅತ್ಯಂತ ಕುತೂಹಲದ ಭಾಗ, ಅದು ಕಾದಂಬರಿಯಲ್ಲಿ ಸಿಗುವುದಿಲ್ಲ. ಭಾರತೀಸುತರ ‘ಹುಲಿಯ ಹಾಲಿನ ಮೇವು’ ಕೊಡಗಿನ ಅರಸರ ಕಾಲವನ್ನು ಜನಪ್ರಿಯಗೊಳಿಸಿತು, ಚಲನಚಿತ್ರವೂ ಆಯಿತು. ಈ ಪ್ರಶ್ನೆಗೆ ಅಲ್ಲಿಂದ ಸಿಗುವ ನೆರವು ಕಡಿಮೆ.

ಕೋಟೆಯೇ ಇಲ್ಲದ ಮಡಿಕೇರಿಯ ಬದುಕು ಕನ್ನಡಕ್ಕೆ ಬಂದದ್ದು ಮಡಿಕೇರಿಯಲ್ಲಿಯೇ 1912ರಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳಿಂದ. ಕೊಡಗಿನ ಗೌರಮ್ಮನವರನ್ನು ಬೆಟ್ಟದ ವರ್ಣನೆಗಾಗಿ ಯಾರೂ ಓದುವುದಿಲ್ಲ. ವಿಧವೆಯ ಬಾಳು, ಮದುವೆಯ ಒಳಗಿನ ಮೋಸ, ಜಾತಿಯ ಗೋಡೆ, ಓದಿದ ಹೆಣ್ಣಿನ ಒಂಟಿತನ ಇವು ಅವರ ವಸ್ತು, ‘ಅಪರಾಧಿ ಯಾರು?’ ಎಂಬ ಕಥೆಯ ಹೆಸರಿನಲ್ಲಿಯೇ ಅವರ ನಿಲುವಿದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಗಂಡ ಕೆಲಸಕ್ಕಿದ್ದ ಕಾಫಿ ತೋಟದ ಮನೆಗೆ ಅವರು ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ. ‘ಕಂಬನಿ’, ‘ಚಿಗುರು’ ಸಂಕಲನಗಳು ಆಮೇಲೆ ಬಂದವು. ಅರಮನೆ ಕಚೇರಿಯಾದ ಮೇಲೆ, 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವ ಮೊದಲು ತೆರೆದ ಕಾಫಿ ತೋಟದ ದಾರಿಯನ್ನು ನೂರಾರು ಜನ ಹಿಡಿದ ಮೇಲೆ, ಗುಮಾಸ್ತರು, ವಕೀಲರು, ಉಪಾಧ್ಯಾಯರು, ತೋಟದ ಮ್ಯಾನೇಜರುಗಳು ಸೇರಿ ಆದ ಒಂದು ಸಣ್ಣ ಮಧ್ಯಮವರ್ಗದ ಸಮಾಜ ಅವರ ಓದುಗರ ಬಳಗ. ಆ ಸಮಾಜಕ್ಕೆ ಕನ್ನಡ ಅಪ್ಪಣೆಯ ಭಾಷೆಯಲ್ಲ; ಪತ್ರ ಬರೆಯುವ, ದುಃಖ ಹೇಳಿಕೊಳ್ಳುವ ಭಾಷೆ. 1932ರಲ್ಲಿ ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ನಡೆದಾಗ ನೆರೆದ ಸಭಿಕರಲ್ಲಿಯೂ ಇಂಥ ಮನೆಗಳವರು ಬಹಳ ಮಂದಿ ಇದ್ದಿರಲೇಬೇಕು. ಕೋಟೆಯಿಂದ ಇಳಿದುಬಂದು ಕನ್ನಡ ಊರಿನ ಮಾತಾದದ್ದು ಹೀಗೆ; ಅರಸರಿಂದ ಅಲ್ಲ.

ಇಂದಿನ ಮಡಿಕೇರಿಯ ಸ್ವಭಾವವನ್ನು ಅದರ ದಸರೆಯಲ್ಲಿ ಕಾಣಬಹುದು. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕಂಚಿ ಕಾಮಾಕ್ಷಮ್ಮ, ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ ಎಂಬ ನಾಲ್ಕು ಕರಗಗಳು ಊರು ಸುತ್ತುತ್ತವೆ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ ಬೆಳಗಿನವರೆಗೆ ನಡೆಯುತ್ತದೆ. ದಂಡಿನವಳು, ಕೋಟೆಯವಳು, ಕಂಚಿಯವಳು: ದೇವತೆಗಳ ಹೆಸರುಗಳಲ್ಲಿಯೇ ಊರಿಗೆ ಯಾರು ಯಾರು ಎಲ್ಲಿಂದ ಬಂದರೆಂಬ ಲೆಕ್ಕವಿದೆ. ಕೊಡವರ ಹುತ್ತರಿ, ಕೈಲ್‌ಪೊಳ್ದ್‌ಗಳ ಕೇಂದ್ರ ಇಂದಿಗೂ ಮಂದ್ ಮತ್ತು ಐನ್‌ಮನೆ. ಪೇಟೆಯ ಹಬ್ಬ ಒಂದು, ನಾಡಿನ ಹಬ್ಬ ಇನ್ನೊಂದು. ಎರಡೂ ಒಂದಕ್ಕೊಂದು ಅಡ್ಡಬರದೆ ನಡೆದುಕೊಂಡು ಬಂದಿವೆ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 33 ಸಾವಿರದಷ್ಟು. ರೈಲು ಈಗಲೂ ಇಲ್ಲ. 2018ರ ಆಗಸ್ಟಿನಲ್ಲಿ ಸುತ್ತಲಿನ ಬೆಟ್ಟಗಳು ಕುಸಿದು ಸಂಪಾಜೆಯ ದಾರಿ ಕಡಿದುಹೋದಾಗ, ಘಟ್ಟ ಮುಚ್ಚಿದ ಕಾಲದ ಹಳೆಯ ಆತಂಕವನ್ನು ಪ್ರವಾಸಿಗಳ ಊರೂ ಒಮ್ಮೆ ಅನುಭವಿಸಿತು.

ಅದೇ ಜನಗಣತಿಯಲ್ಲಿ ಕೊಡವ ತಕ್ಕನ್ನು ತಮ್ಮ ಮಾತೆಂದು ಬರೆಸಿದವರು 1.13 ಲಕ್ಷ, ಹತ್ತು ವರ್ಷ ಹಿಂದೆ ಅವರ ಸಂಖ್ಯೆ 1.66 ಲಕ್ಷವಿತ್ತು. ಯುನೆಸ್ಕೊ ಅದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. 1952ರಲ್ಲಿ ಕೊಡಗಿನ 24 ಸದಸ್ಯರ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ 15 ಸ್ಥಾನ ಕಾಂಗ್ರೆಸ್ಸಿಗೆ, 9 ಸ್ಥಾನ ವಿಲೀನವನ್ನು ವಿರೋಧಿಸಿದ ತಕ್ಕಡಿ ಪಕ್ಷಕ್ಕೆ ಬಂದವು. ಆ ಒಂಬತ್ತರ ಹಿಂದಿದ್ದ ಆತಂಕವನ್ನು ಕನ್ನಡದ ಏಕೀಕರಣದ ಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಹೋಗುತ್ತವೆ. ಕಾಸರಗೋಡಿನ ಆತಂಕವನ್ನು ಮಲಯಾಳದ ಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿದಾಗ ಇಲ್ಲಿಯವರಿಗೆ ನೋವಾಗುತ್ತದೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ಬೀದಿಗಿಳಿದವರ ನೋವು ಅದೇ. ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಹೊತ್ತ ಬೇಗುದಿಯೂ ಅದೇ.

ಎರಡೂ ಕಡೆ ಪೂರ್ತಿ ಸಮಾನವೆಂದು ಹೇಳಲಾಗದು. ಮಂಗಲ್ಪಾಡಿ ಪಂಚಾಯತಿನ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿಯುವ ಎಷ್ಟೋ ಮಕ್ಕಳ ಮನೆಮಾತು ತುಳು. ಇನ್ನು ಕೆಲವರದು ಕೊಂಕಣಿ, ಮರಾಠಿ, ಬ್ಯಾರಿ. ಅವರಿಗೆ ಕನ್ನಡ ಶಾಲೆಯ, ಯಕ್ಷಗಾನದ, ಪತ್ರಿಕೆಯ ಭಾಷೆ. ಆ ಅರ್ಥದಲ್ಲಿ ಮಾತ್ರ ತಾಯಿನುಡಿ. ತುಳುವರು ಕನ್ನಡವನ್ನು ತಮ್ಮದೆಂದು ಅಪ್ಪಿಕೊಂಡದ್ದರಿಂದಲೇ ಕಾಸರಗೋಡಿನ ಕನ್ನಡಕ್ಕೆ ಇಷ್ಟು ಬಲವಿದೆ. ಕೊಡವರ ಮಕ್ಕಳೂ ಕನ್ನಡದಲ್ಲಿ ಅಕ್ಷರ ಕಲಿಯುತ್ತಾರೆ. ಆದರೆ ಅಲ್ಲಿ ಕನ್ನಡದ ಬೆನ್ನಿಗೆ ಕೋಟೆಯ ನೆನಪಿದೆ. ಇಲ್ಲಿ ಅದರ ಬೆನ್ನಿಗೆ ಏನೂ ಇಲ್ಲ, ಅದನ್ನು ಬಯಸುವವರು ಮಾತ್ರ ಇದ್ದಾರೆ. ಹಾಗಾಗಿ ಬಂದ್ಯೋಡಿನ ತುಳು ಮನೆಯ ಹುಡುಗ ‘ಚಿಕವೀರ ರಾಜೇಂದ್ರ’ವನ್ನು ಕನ್ನಡದಲ್ಲಿ ಓದುವಾಗ ಬೋಪಣ್ಣನ ಸ್ಥಿತಿ ಅವನಿಗೆ ಮೈಸೂರಿನ ಓದುಗನಿಗಿಂತ ಬೇಗ ಅರ್ಥವಾಗಬೇಕು, ಮಾಸ್ತಿ ಬರೆಯದೆ ಬಿಟ್ಟ ಆ ಇನ್ನೊಂದು ಮಾತು ಅವನ ಕಿವಿಗೆ ಕೇಳಿಸಬೇಕು. ಕಾಸರಗೋಡಿನ ಕನ್ನಡ ವಿಮರ್ಶೆ ಈವರೆಗೆ ಗಡಿಯಾಚೆಯ ಕನ್ನಡವನ್ನು ನೆರವಿಗಾಗಿ ಕರೆದದ್ದೇ ಹೆಚ್ಚು. ಆ ಕನ್ನಡದ ಪ್ರಸಿದ್ಧ ಗ್ರಂಥಗಳನ್ನು ತನ್ನ ಅನುಭವದಿಂದ ಪರೀಕ್ಷಿಸುವ ಕೆಲಸ ಅದು ಇನ್ನೂ ಸಾಕಷ್ಟು ಮಾಡಿಲ್ಲ. ಮಡಿಕೇರಿಯ ಗ್ರಂಥಗಳಿಂದ, ಅದರಲ್ಲಿಯೂ ‘ಪಟ್ಟೋಲೆ ಪಳಮೆ’ಯ ಮೊದಲ ಪುಟದಿಂದ, ಆ ಕೆಲಸವನ್ನು ತೊಡಗಬಹುದು.